ಗಲಭೆಯಿಂದ ಊರು ಬಿಟ್ಟ ಮಗು ನಿಮ್ಮ ಶಾಲೆಗೆ ಬಂದಾಗ

2023ರ ಮೇ 3ರಂದು ಮಣಿಪುರದಲ್ಲಿ ಶುರುವಾದ ಹಿಂಸಾಚಾರದಿಂದ ಸುಮಾರು 60 ಸಾವಿರ ಜನ ಮನೆ ಬಿಡಬೇಕಾಯಿತು. ಕಣಿವೆಯ ಮೈತೇಯಿಗಳೂ ಇವರಲ್ಲಿದ್ದಾರೆ, ಬೆಟ್ಟದ ಕುಕಿ-ಜೋ ಜನರೂ ಇದ್ದಾರೆ. ಬಹಳಷ್ಟು ಕುಟುಂಬಗಳು ಪರಿಹಾರ ಶಿಬಿರ ಸೇರಿದವು, ಕೆಲವು ಮಿಜೋರಾಂಗೆ ಹೋದವು, ಇನ್ನು ಕೆಲವು ದೆಹಲಿಯಂಥ ನಗರಗಳಲ್ಲಿದ್ದ ನೆಂಟರ ಮನೆಗೆ ಬಂದವು. ಹೀಗೆ ಬಂದ ಮಗು ವರ್ಷದ ನಡುವೆ, ಗೊತ್ತಿಲ್ಲದ ಭಾಷೆಯ ಶಾಲೆಗೆ ಸೇರುತ್ತದೆ. ಆ ತರಗತಿಯಲ್ಲಿ ನಿಮ್ಮ ಮಗುವೂ ಇರಬಹುದು. ನೀವೇ ಆ ಶಾಲೆಯ ಶಿಕ್ಷಕರೋ ಹಾಸ್ಟೆಲ್ ವಾರ್ಡನ್ನೋ ಪಕ್ಕದ ಮನೆಯವರೋ ಆಗಿರಬಹುದು.

ಭಯಾನಕವಾದದ್ದನ್ನು ಕಂಡ ಮಗುವಿನ ದೇಹ ಅಪಾಯ ಮುಗಿದ ಮೇಲೂ ಎಚ್ಚರವಾಗಿಯೇ ಇರುತ್ತದೆ. ಬಾಗಿಲು ದಡಾರನೆ ಬಡಿದರೆ, ಹೊಗೆಯ ವಾಸನೆ ಬಂದರೆ, ದೀಪಾವಳಿಯ ಪಟಾಕಿ ಸಿಡಿದರೆ ಎದೆ ಹೊಡೆದುಕೊಳ್ಳುತ್ತದೆ. ಚಿಕ್ಕವರು ಮತ್ತೆ ಹಾಸಿಗೆ ಒದ್ದೆ ಮಾಡಬಹುದು, ಅಮ್ಮನನ್ನು ಬಿಡದೆ ಅಂಟಿಕೊಳ್ಳಬಹುದು. ಹತ್ತು ಹನ್ನೆರಡರ ಮಕ್ಕಳು ಹೊಟ್ಟೆನೋವು, ತಲೆನೋವು ಅನ್ನುತ್ತಾರೆ. ದೊಡ್ಡವರು ಸಿಡುಕುತ್ತಾರೆ ಅಥವಾ ಮಾತೇ ನಿಲ್ಲಿಸುತ್ತಾರೆ. ಶಾಲೆಯಲ್ಲಿ ಇದೆಲ್ಲ 'ಗಮನ ಇಲ್ಲ', 'ಶಿಸ್ತು ಇಲ್ಲ' ಎಂದೇ ಕಾಣುತ್ತದೆ. ರಾತ್ರಿ ಕೆಟ್ಟ ಕನಸಿಗೆ ಎದ್ದು ಕೂತ ಹುಡುಗನಿಗೆ ಬೆಳಗ್ಗೆ ಮಗ್ಗಿ ನೆನಪಿಗೆ ಬರುವುದಿಲ್ಲ. ಅದು ಸೋಮಾರಿತನವಲ್ಲ.

ಇಂಥ ಹೆಚ್ಚಿನ ಮಕ್ಕಳಿಗೆ ಮೊದಲು ಬೇಕಾದದ್ದು ನಾಳೆ ಏನಾಗುತ್ತದೆ ಎಂದು ಗೊತ್ತಿರುವ ಒಂದು ಜಾಗ. ಅದನ್ನು ಕೊಡಲು ಶಾಲೆಗಿಂತ ಒಳ್ಳೆಯ ಸ್ಥಳ ಇಲ್ಲ. ಅದೇ ಗಂಟೆಗೆ ಪ್ರಾರ್ಥನೆ, ಅದೇ ಬೆಂಚು, ಅದೇ ಟೀಚರ್, ಅದೇ ಹೊತ್ತಿಗೆ ಊಟ. ವೇಳಾಪಟ್ಟಿ ಬದಲಾಗುವುದಿದ್ದರೆ ಮಗುವಿಗೆ ಹಿಂದಿನ ದಿನವೇ ಹೇಳಿ. ಬೆಂಕಿ ಅವಘಡದ ಅಣಕು ಕವಾಯತು ಇದ್ದರೆ, ಸೈರನ್ ಕೂಗುವ ಮುಂಚೆ ಪಕ್ಕಕ್ಕೆ ಕರೆದು ತಿಳಿಸಿ. ಬಾಗಿಲು ಕಣ್ಣಿಗೆ ಕಾಣುವ ಕಡೆ ಕೂರಿಸಿದರೆ ಎಷ್ಟೋ ಮಕ್ಕಳಿಗೆ ನೆಮ್ಮದಿ. ತೀರಾ ಗಾಬರಿಯಾದಾಗ ಹೋಗಿ ಕೂರಲು ಒಂದು ಜಾಗ, ನಂಬಿಕೆಯ ಒಬ್ಬ ದೊಡ್ಡವರು ಯಾರೆಂದು ಮೊದಲೇ ಗೊತ್ತುಮಾಡಿ. ಜೊತೆಗೆ ಒಬ್ಬ ಗೆಳೆಯ ಅಥವಾ ಗೆಳತಿ. ಇದಕ್ಕೆ ಖರ್ಚಿಲ್ಲ, ತರಬೇತಿಯೂ ಹೆಚ್ಚು ಬೇಡ.

ದಾಖಲೆ ಸುಟ್ಟುಹೋಗಿದೆ ಎಂದು ಶಾಲೆ ಬಾಗಿಲು ಮುಚ್ಚುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳದ್ದು. ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸಬಾರದು, ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು ಎನ್ನುತ್ತದೆ ಅದು. ಹೊಡೆಯುವುದನ್ನೂ ಮಾನಸಿಕ ಹಿಂಸೆಯನ್ನೂ ಅದೇ ಕಾಯ್ದೆ ನಿಷೇಧಿಸಿದೆ.

ಇನ್ನು ಒಳ್ಳೆಯ ಮನಸ್ಸಿನವರೇ ಮಾಡುವ ಕೆಲಸವೊಂದಿದೆ: 'ಅಲ್ಲಿ ಏನಾಯ್ತು, ಎಲ್ಲರಿಗೂ ಹೇಳು ಪುಟ್ಟಾ' ಎಂದು ತರಗತಿಯ ಮುಂದೆ ನಿಲ್ಲಿಸುವುದು. ಹೇಳಿಕೊಂಡರೆ ಹಗುರವಾಗುತ್ತದೆ ಎಂಬ ನಂಬಿಕೆ ನಮ್ಮದು. ಆದರೆ ಘಟನೆಯನ್ನು ಒಮ್ಮೆಲೇ ಒತ್ತಾಯದಿಂದ ಹೇಳಿಸುವುದರಿಂದ ಲಾಭವಿಲ್ಲ, ಕೆಲವರಿಗೆ ತೊಂದರೆಯೇ ಹೆಚ್ಚಬಹುದು. ಮಗು ತಾನಾಗಿ ಹೇಳಿದರೆ ಕೇಳಿಸಿಕೊಳ್ಳಿ, ನಡುವೆ ಪ್ರಶ್ನೆ ಹಾಕಬೇಡಿ. 'ನಮ್ಮ ಮನೆ', 'ನನ್ನ ಕುಟುಂಬ' ಎಂಬ ಪ್ರಬಂಧ ಕೊಡುವಾಗ ಬೇರೊಂದು ವಿಷಯವನ್ನೂ ಆಯ್ಕೆಗೆ ಇಡಿ. 'ನೀನು ಯಾವ ಕಡೆಯವನು?' ಎಂದು ಮಾತ್ರ ಯಾರೂ ಕೇಳಕೂಡದು. ದೂರದ ನಗರದ ಒಂದೇ ತರಗತಿಯಲ್ಲಿ ಎರಡೂ ಸಮುದಾಯದ ಮಕ್ಕಳು ಇರಬಹುದು. ಈ ಮಾತನ್ನು ನಿಮ್ಮ ಮಕ್ಕಳಿಗೆ ಮನೆಯಲ್ಲೇ ಹೇಳಿಕೊಡಿ.

ಈಗ ನನ್ನ ಕ್ಷೇತ್ರದ ಮಾತು. 'ಮಗು ರಾತ್ರಿ ಮಲಗೋದೇ ಇಲ್ಲ, ಏನಾದ್ರೂ ಸಿರಪ್ ಕೊಡಿ' ಎಂದು ಔಷಧಿ ಅಂಗಡಿಯಲ್ಲಿ ಕೇಳುವವರಿಗೆ ಲೆಕ್ಕವಿಲ್ಲ. ಸಾಮಾನ್ಯವಾಗಿ ಅವರ ಮನಸ್ಸಿನಲ್ಲಿರುವುದು ಶೀತ, ಅಲರ್ಜಿಗೆ ಕೊಡುವ, ಮಂಪರು ತರಿಸುವ ಸಿರಪ್. ಅದು ಭಯವನ್ನು ಗುಣಪಡಿಸುವುದಿಲ್ಲ. ಕೆಲವು ಮಕ್ಕಳಲ್ಲಿ ನಿದ್ದೆಯ ಬದಲು ಚಡಪಡಿಕೆ ಹೆಚ್ಚಿಸುತ್ತದೆ. ಈ ಗುಂಪಿನ ಪ್ರೊಮೆಥಜೀನ್ ಎರಡು ವರ್ಷದೊಳಗಿನವರಿಗೆ ಉಸಿರಾಟಕ್ಕೇ ಅಪಾಯ ತರಬಹುದು. ದೊಡ್ಡವರ ಆಲ್‌ಪ್ರಜೋಲಾಂ, ಡಯಾಜೆಪಾಂ ಮಾತ್ರೆಯನ್ನು ಅರ್ಧ ಮುರಿದು ಕೊಡುವುದಂತೂ ಬೇಡವೇ ಬೇಡ. ಆಘಾತದ ನಂತರದ ಮೊದಲ ತಿಂಗಳಲ್ಲಿ ತೀವ್ರ ಒತ್ತಡದ ಲಕ್ಷಣಗಳಿಗೆ ಮಕ್ಕಳಿಗೆ ಈ ವರ್ಗದ ಔಷಧಿ ಕೊಡಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2013ರ ಮಾರ್ಗಸೂಚಿಯಲ್ಲೇ ಹೇಳಿದೆ. ಗಾಬರಿಯಿಂದ ಏದುಸಿರು ಬಿಡುವ ಮಗುವಿನ ಮೂಗು ಬಾಯಿಗೆ ಕಾಗದದ ಚೀಲ ಹಿಡಿಯುವುದೂ ಸಲ್ಲದು. ಪಕ್ಕದಲ್ಲಿ ಕೂತು, ನೀವೇ ನಿಧಾನ ಉಸಿರಾಡುತ್ತಾ ಅದನ್ನೂ ಜೊತೆಗೆ ಆಡಿಸಿ. ಮೊದಲ ಸಲ ಹಾಗಾದರೆ ಅಥವಾ ಉಸಿರು ಬೇಗ ಹತೋಟಿಗೆ ಬರದಿದ್ದರೆ ವೈದ್ಯರಿಗೆ ತೋರಿಸಿ, ಆಸ್ತಮಾ ಇರಬಹುದು. ಹಾಸಿಗೆ ಒದ್ದೆ ಮಾಡಿದರೆ ಬೈಯಬೇಡಿ, ಮೂತ್ರದ ಸೋಂಕು ಇದೆಯೇ ಎಂದು ಒಮ್ಮೆ ನೋಡಿಸಿ. ಮಗುವಿಗೆ ವೈದ್ಯರು ಈಗಾಗಲೇ ಔಷಧಿ ಬರೆದಿದ್ದರೆ ಈ ಲೇಖನ ಓದಿ ನಿಲ್ಲಿಸಬೇಡಿ, ಅವರನ್ನೇ ಕೇಳಿ.

ಒಂದು ತಿಂಗಳು ದಾಟಿದರೂ ಕೆಟ್ಟ ಕನಸು, ಬೆಚ್ಚಿಬೀಳುವುದು, ಶಾಲೆಗೆ ಹೋಗಲು ಭಯ ಇಳಿಯದಿದ್ದರೆ ಮಕ್ಕಳ ಮನೋವೈದ್ಯರನ್ನೋ ಮನಶ್ಶಾಸ್ತ್ರಜ್ಞರನ್ನೋ ಕಾಣಬೇಕು. ಇಲ್ಲಿ ಮಾತಿನ ಚಿಕಿತ್ಸೆಯೇ ಮೊದಲ ಆಯ್ಕೆ. ತರಬೇತಾದವರು ಭಯದ ನೆನಪನ್ನು ಮಗುವಿಗೆ ತಡೆಯುವಷ್ಟೇ ಪ್ರಮಾಣದಲ್ಲಿ, ಹಂತಹಂತವಾಗಿ ಎದುರಿಸಲು ಕಲಿಸುತ್ತಾರೆ. ತರಗತಿಯಲ್ಲಿ ನಿಲ್ಲಿಸಿ ಹೇಳಿಸುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಅದೇ. ಅಮೆರಿಕದ ಲಾಸ್ ಏಂಜಲೀಸ್‌ನ ಶಾಲೆಗಳಲ್ಲಿ ಇಂಥದ್ದನ್ನೇ ಗುಂಪಿನಲ್ಲಿ ಹತ್ತು ಪಾಠಗಳಾಗಿ ನಡೆಸಿದಾಗ ಮಕ್ಕಳ ಲಕ್ಷಣಗಳು ಕಡಿಮೆಯಾದದ್ದು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಡುಬಂತು.

ಯಾರನ್ನು ಕಾಣಬೇಕೆಂದು ತೋಚದಿದ್ದರೆ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ. ದಿನದ 24 ಗಂಟೆಯೂ ಉಚಿತ, ಬೇರೆ ಬೇರೆ ಭಾರತೀಯ ಭಾಷೆಗಳಲ್ಲಿ ಮಾತಾಡಬಹುದು, ಕನ್ನಡವೂ ಇದೆ. ಮಗುವಿಗೆ ತುರ್ತು ರಕ್ಷಣೆ ಬೇಕಾದರೆ ಮಕ್ಕಳ ಸಹಾಯವಾಣಿ 1098. 'ನಾನು ಇರಬಾರದಿತ್ತು', 'ಸತ್ತುಹೋಗಬೇಕು' ಎಂಬ ಮಾತು ಮಗುವಿನ ಬಾಯಲ್ಲಿ ಬಂದರೆ ತಿಂಗಳ ಲೆಕ್ಕ ಹಾಕುತ್ತಾ ಕೂರಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅಲ್ಲಿಗೆ ಮುಟ್ಟುವವರೆಗೂ ಮಗುವನ್ನು ಒಂಟಿಯಾಗಿ ಬಿಡಬೇಡಿ.