ಐದು ಕಿಲೋದ ಕಾಯಿ, ನಾಲ್ಕು ಕಿಲೋದ ಊಟ

ಸತ್ತಿಯಲ್ಲಿ ಲೆಕ್ಕ ಅಂದರೆ ಕಬ್ಬಿನ ಲೆಕ್ಕ. ಕೃಷ್ಣೆಯ ದಂಡೆಯ ಈ ಊರಲ್ಲಿ ಟನ್ನು, ಬಿಲ್ಲು, ಬಾಕಿ ಎಲ್ಲರ ಬಾಯಲ್ಲೂ ಇರುತ್ತವೆ. ತಿಪ್ಪಿಯ ಮಗ್ಗುಲಲ್ಲಿ ಹಬ್ಬಿದ ಕುಂಬಳದ ಬಳ್ಳಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಮ್ಮೆ ಹಿಡಿದು ನೋಡೋಣ.

ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ಅರ್ಕಾ ಚಂದನ್’ ತಳಿಯ ಇಳುವರಿ ಸುಮಾರು 120 ದಿನಕ್ಕೆ ಹೆಕ್ಟೇರಿಗೆ 33 ಟನ್, ಅಂದರೆ ಎಕರೆಗೆ 13. ಕಿಲೋಗೆ 8 ರೂಪಾಯಿ ರೈತನ ಕೈ ಸೇರಿತು ಅಂತ ಇಟ್ಟುಕೊಂಡರೆ 1,04,000. ಕಬ್ಬಿಗೆ 2025ರ ನವೆಂಬರಿನಲ್ಲಿ, ದರಕ್ಕಾಗಿ ಗುರ್ಲಾಪುರದಲ್ಲಿ ರೈತರು ನಡೆಸಿದ ಹೋರಾಟದ ಬಳಿಕ, ಸರ್ಕಾರ ಘೋಷಿಸಿದ್ದು ಟನ್ನಿಗೆ 3,300. ಎಕರೆಗೆ 40 ಟನ್ ಹಿಡಿದರೆ 1,32,000; ಅದಕ್ಕೆ ವರ್ಷ ಕಾಯಬೇಕು. ಹಾಗಾದರೆ ಕುಂಬಳವೇ ವಾಸಿಯಲ್ಲವೇ? ಎರಡೂವರೆ ಕಿಲೋದ ಕಾಯಿಯಾದರೆ 13 ಟನ್ನಿಗೆ 5,200 ಕಾಯಿ. ಕಬ್ಬನ್ನು ನುಂಗಲು ಕಾರ್ಖಾನೆ ಇದೆ. ಇಷ್ಟು ಕಾಯಿ ಒಂದೇ ವಾರ ಅಥಣಿ ಸಂತೆಗೆ ಇಳಿದರೆ 8 ರೂಪಾಯಿಯ ಮಾತೇ ಬೇಡ. ಬಳ್ಳಿ ತಿಪ್ಪಿಯಲ್ಲೇ ಉಳಿದಿರುವುದು ಸುಮ್ಮನೆ ಅಲ್ಲ.

ಇನ್ನು ಕೊಳ್ಳುವವರ ಲೆಕ್ಕ. ಕಿಲೋಗೆ 20ರಂತೆ ಐದು ಕಿಲೋದ ಇಡೀ ಕಾಯಿಗೆ 100 ರೂಪಾಯಿ. ಸಿಪ್ಪೆ, ಬೀಜ, ತಿರುಳಿನ ನಾರು ಹೋಗಿ ನೂರಕ್ಕೆ 79 ಪಾಲು ಉಳಿದರೆ 3.95 ಕಿಲೋ, ತಿನ್ನುವ ಭಾಗಕ್ಕೆ ಕಿಲೋಗೆ 25 ರೂಪಾಯಿ ಬಿತ್ತು. ಅದರಲ್ಲೂ ನೂರಕ್ಕೆ 92 ಪಾಲು ನೀರೇ, ಆ ಮಾತು ಬೇರೆ. ಕೊಯ್ದ ಹೋಳು ಫ್ರಿಜ್ಜಿನಲ್ಲಿ ಮೂರು-ನಾಲ್ಕು ದಿನದ್ದು. ಮನೆಯಲ್ಲಿ ನಾಲ್ಕೇ ಜನರಿದ್ದರೆ ಐದು ಕಿಲೋ ಒಡೆಯುವ ದಿನ ನೆರೆಮನೆಗೂ ಒಂದು ಹೋಳು ಹೋಗಲೇಬೇಕು.

ಒಡೆಯದ ಕಾಯಿಯ ಆಯುಷ್ಯ ಇರುವುದು ತೊಟ್ಟಿನಲ್ಲಿ. ನಾಲ್ಕು ಬೆರಳು ಉದ್ದದ, ಒಣಗಿ ಬಿರುಸಾದ ತೊಟ್ಟು ಇರಲಿ. ತೊಟ್ಟು ಮುರಿದ ಕಾಯಿ ಅಲ್ಲಿಂದಲೇ ಕೊಳೆಯುತ್ತದೆ. ಉಗುರು ಒತ್ತಿದರೆ ಸಿಪ್ಪೆಗೆ ನಾಟಬಾರದು, ನೆಲಕ್ಕೆ ತಾಗಿದ್ದ ಮಗ್ಗುಲು ಹಳದಿಯಾಗಿರಬೇಕು, ಎತ್ತಿದರೆ ಗಾತ್ರಕ್ಕಿಂತ ಭಾರ ಅನ್ನಿಸಬೇಕು.

10ರಿಂದ 13 ಡಿಗ್ರಿಯ ಒಣ ತಂಪಿನಲ್ಲಿ ಇಂಥ ಕಾಯಿ ಎರಡು-ಮೂರು ತಿಂಗಳು ಬಾಳುತ್ತದೆ. ನಮ್ಮ ಕಡೆ ಚಳಿಗಾಲದ ಹಗಲೂ 30 ಮುಟ್ಟುವುದರಿಂದ ಅಷ್ಟು ದಿನ ನಂಬುವಂತಿಲ್ಲ. ಹಾಗಂತ 4 ಡಿಗ್ರಿಯ ಫ್ರಿಜ್ಜಿಗೆ ಇಡೀ ಕಾಯಿ ತುರುಕಿದರೆ ಚಳಿ ಹೊಡೆದು ಕೆಡುತ್ತದೆ. ಜೂನ್ ನಡುವೆ ಹಾಕಿದ ಬೀಜ ಶೀಗಿ ಹುಣ್ಣಿಮೆಯ ಹೊತ್ತಿಗೆ ಕಾಯಾಗುತ್ತದೆ. ಅದನ್ನು ಗಾಳಿಯಾಡುವ ಮೂಲೆಯಲ್ಲಿ ಕಣಕಿಯ ಮೇಲೆ, ಒಂದಕ್ಕೊಂದು ತಾಗದಂತೆ ಇಟ್ಟು ಎಂಟು ದಿನಕ್ಕೊಮ್ಮೆ ನೋಡಿಕೊಂಡರೆ ಸಾಕು.

ಪಲ್ಯಕ್ಕೆ ಲೆಕ್ಕ ಬೇಕಿಲ್ಲ, ಗಾರಗಿಗೆ ಬೇಕು. ಅರ್ಧ ಕಿಲೋ ತುರಿಗೆ ಕಾಲು ಕಿಲೋ ಬೆಲ್ಲ. ಎರಡೂ ಕೂಡಿ ಬೆಂದಾಗ ಬಿಡುವ ನೀರಲ್ಲೇ ಸುಮಾರು 400 ಗ್ರಾಂ ಗೋಧಿ ಹಿಟ್ಟು ನಾದಬೇಕು, ಹನಿ ನೀರೂ ಸೇರಿಸಬಾರದು. ಸೇರಿಸಿದರೆ ಗಾರಗಿ ಎಣ್ಣೆ ಕುಡಿಯುತ್ತದೆ, ಎಣ್ಣೆಯ ರೇಟು ಗೊತ್ತೇ ಇದೆ. ಕಬ್ಬಿನ ತೂಕದಲ್ಲಿ ಹತ್ತಕ್ಕೆ ಒಂದು ಪಾಲು ಬೆಲ್ಲ ಅಂತ ಹಿಡಿದರೆ ಈ ಕಾಲು ಕಿಲೋಗೆ ಎರಡೂವರೆ ಕಿಲೋ ಕಬ್ಬು. 3,300ರ ದರದಲ್ಲಿ 8 ರೂಪಾಯಿ 25 ಪೈಸೆ. ಅದಕ್ಕೆ ಬೀಳುವ ಕುಂಬಳ ಹನ್ನೆರಡೂವರೆ ರೂಪಾಯಿಯದು. ಗಾರಗಿ ಮೂವತ್ತರ ಆಸುಪಾಸು ಆಗುತ್ತವೆ, ಬಾಣಲೆಯ ಮುಂದೆ ಮಕ್ಕಳು ನಿಂತಿರದಿದ್ದರೆ.