ಮಕ್ಕಳ ಮನಸ್ಸಿಗೂ ಕಾಯಿಲೆ ಬರುತ್ತದೆ



ಮಗುವಿಗೆ ಜ್ವರ ಬಂದರೆ ಮಿಜಾರಿನಿಂದ ಮೂಡುಬಿದಿರೆಗೆ ಕೂಡಲೇ ಬಸ್ಸು ಹತ್ತುತ್ತೇವೆ. ಅದೇ ಮಗು ವಾರಗಟ್ಟಲೆ ಮಾತು ಬಿಟ್ಟು ಮೂಲೆ ಹಿಡಿದರೆ "ಸೋಮಾರಿ", "ಅಹಂಕಾರ", "ದೃಷ್ಟಿ ತಾಗಿದೆ" ಎಂದು ಸುಮ್ಮನಾಗುತ್ತೇವೆ. ಅದು ಖಿನ್ನತೆ ಇರಲೂಬಹುದು. ಇದು ಶಾಪವಲ್ಲ, ಸೋಮಾರಿತನವೂ ಅಲ್ಲ. ಚಿಕಿತ್ಸೆ ಇರುವ ಕಾಯಿಲೆ.

ಖಿನ್ನತೆಯ ಗುರುತುಗಳು

ದೊಡ್ಡವರು ಬೇಸರವನ್ನು ಬಾಯಿಬಿಟ್ಟು ಹೇಳ್ತಾರೆ. ಮಕ್ಕಳಿಗೆ ಹಾಗೆ ಹೇಳಲು ಬರುವುದಿಲ್ಲ.

* ಸಣ್ಣ ವಿಷಯಕ್ಕೂ ಸಿಡುಕುವುದು, ಅಳುವುದು
* ಆಟ, ಗೆಳೆಯರು ಬೇಡವಾಗುವುದು
* ಕಾರಣವಿಲ್ಲದೆ ಹೊಟ್ಟೆನೋವು, ತಲೆನೋವು
* ನಿದ್ದೆ, ಊಟದಲ್ಲಿ ಬದಲಾವಣೆ
* ಓದಿನಲ್ಲಿ ಹಿಂದೆ ಬೀಳುವುದು

ಇಂಥವು ಎರಡು ವಾರ ಕಳೆದರೂ ಹೋಗದಿದ್ದರೆ ವೈದ್ಯರಿಗೆ ತೋರಿಸಿ.

ಬೈಪೋಲಾರ್ ಎಂದರೇನು?

ಇದರಲ್ಲಿ ಮನಸ್ಸು ಕೆಲವು ಸಮಯ ಕುಗ್ಗುತ್ತದೆ, ಕೆಲವು ಸಮಯ ಅತಿಯಾಗಿ ಉಬ್ಬುತ್ತದೆ. ಉಬ್ಬಿದಾಗ ದಿನಗಟ್ಟಲೆ ನಿದ್ದೆ ಕಡಿಮೆಯಾದರೂ ದಣಿವಿಲ್ಲ, ಮಾತು ನಿಲ್ಲುವುದಿಲ್ಲ, "ನನ್ನಿಂದ ಎಲ್ಲಾ ಆಗ್ತದೆ" ಎನ್ನುವ ಹುಮ್ಮಸ್ಸು. ಸಣ್ಣ ಮಕ್ಕಳಲ್ಲಿ ಇದು ಅಪರೂಪ. ಹೆಚ್ಚಾಗಿ ಹದಿಹರೆಯದಲ್ಲಿ ಅಥವಾ ಇಪ್ಪತ್ತರ ಆಸುಪಾಸಿನಲ್ಲಿ ಶುರುವಾಗುತ್ತದೆ. ತುಂಟತನವೆಲ್ಲ ಬೈಪೋಲಾರ್ ಅಲ್ಲ.

ಒಂದು ಮಾತು ನೆನಪಿಡಿ. ಖಿನ್ನತೆಗೆ ಔಷಧಿ ಕೇಳಲು ಹೋದಾಗ, ಹಿಂದೆ ಹೀಗೆ ಉಬ್ಬಿದ್ದುಂಟಾ, ಮನೆತನದಲ್ಲಿ ಯಾರಿಗಾದರೂ ಈ ಕಾಯಿಲೆ ಇತ್ತಾ ಎಂಬುದನ್ನು ಮುಚ್ಚಿಡಬೇಡಿ. ಬೈಪೋಲಾರ್ ಇರುವವರಿಗೆ ಬರೇ ಖಿನ್ನತೆಯ ಮಾತ್ರೆ ಕೊಟ್ಟರೆ ಉಬ್ಬರ ಹೆಚ್ಚಬಹುದು. ಗುಣವಾಯಿತೆಂದು ನೀವಾಗಿಯೇ ಮಾತ್ರೆ ನಿಲ್ಲಿಸಲೂಬೇಡಿ.

ತಡಮಾಡಬಾರದ ಸಂದರ್ಭ

"ನಾನು ಇರುವುದೇ ಬೇಡ" ಎಂದು ಮಗು ಹೇಳಿದರೆ ಹೆದರಿಸುವ ಮಾತೆಂದು ತಳ್ಳಿಹಾಕಬೇಡಿ. "ಸಾಯುವ ಯೋಚನೆ ಬರ್ತದಾ?" ಎಂದು ಮೆಲ್ಲಗೆ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುವುದಿಲ್ಲ, ಮನಸ್ಸು ಹಗುರಾಗುತ್ತದೆ. ಮಗುವನ್ನು ಒಂಟಿಯಾಗಿ ಬಿಡಬೇಡಿ. ತೋಟಕ್ಕೆ ತಂದ ಕಳೆನಾಶಕ, ಕೀಟನಾಶಕ, ಮನೆಯ ಮಾತ್ರೆಗಳನ್ನು ಬೀಗ ಹಾಕಿಡಿ. ಅದೇ ದಿನ ಆಸ್ಪತ್ರೆಗೆ ಹೋಗಿ.

ಸಹಾಯ ಎಲ್ಲಿ?

ಮಂಗಳೂರಿನ ವೆನ್ಲಾಕ್ ಸರಕಾರಿ ಆಸ್ಪತ್ರೆ, ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. ಹತ್ತಿರದ ಸರಕಾರಿ ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆಂದು ಆಶಾ ಕಾರ್ಯಕರ್ತೆಯಲ್ಲಿ ವಿಚಾರಿಸಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು.

ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಈ ವಿಷಯ ಓದಿ ಹೇಳಿ. ಸದಸ್ಯೆಯೊಬ್ಬರು ಮಗುವಿನ ಕಷ್ಟ ಹೇಳಿಕೊಂಡರೆ ಅದು ಸಂಘದ ಹೊರಗೆ ಹೋಗದಿರಲಿ. ಆಸ್ಪತ್ರೆಗೆ ಅವರ ಜೊತೆ ಒಬ್ಬರಾದರೂ ಹೋಗಿ.