ಪ್ರವಾಸಿಯ ಟ್ಯಾಬ್ಲೆಟ್ಟಿಗೆ ಎಷ್ಟು ಸ್ಟೋರೇಜ್?

ಹಂಪೆಯ ಮಾತಂಗ ಪರ್ವತದ ಮೇಲೆ ಸೂರ್ಯೋದಯಕ್ಕಾಗಿ ಕಾದಿದ್ದು, ವಿಠ್ಠಲ ದೇವಾಲಯದ ಕಲ್ಲಿನ ರಥದವರೆಗೂ ಕ್ಯಾಮೆರಾ ಹಿಡಿದು ನಡೆದು, ಆ ದಿನದ ಚಿತ್ರಗಳನ್ನು ಅಂದಿನ ರಾತ್ರಿಯೇ ತಿದ್ದಬೇಕೆಂಬ ಆಸೆಯಿಂದ ಟ್ಯಾಬ್ಲೆಟ್ ಕೊಳ್ಳಹೊರಟವರು ಮೊದಲು ಎಣಿಸತಕ್ಕುದು ತಮ್ಮ ಕ್ಯಾಮೆರಾದ ಫೈಲುಗಳ ಗಾತ್ರವನ್ನು. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ರಾ ಫೈಲು ಸುಮಾರು 30 ಎಂಬಿ ಎಂದಿಟ್ಟುಕೊಂಡರೆ, ದಿನಕ್ಕೆ 500 ಚಿತ್ರಗಳಿಗೆ 15 ಜಿಬಿ, ಐದು ದಿನಕ್ಕೆ 75. 128 ಜಿಬಿಯ ಟ್ಯಾಬ್ಲೆಟ್ಟಿನಲ್ಲಿ ಆಪರೇಟಿಂಗ್ ಸಿಸ್ಟಮ್ಮೂ ಆ್ಯಪುಗಳೂ ತಮ್ಮ ಪಾಲನ್ನು ಆಕ್ರಮಿಸಿದ ಮೇಲೆ, ಲೈಟ್‌ರೂಮಿನಂಥ ಆ್ಯಪು ತಾನು ಸೇರಿಸಿಕೊಂಡ ಚಿತ್ರಗಳ ಪ್ರತಿಗಳನ್ನೂ ಮುನ್ನೋಟಗಳನ್ನೂ ಒಳಗೇ ಇರಿಸಿಕೊಳ್ಳುವುದರಿಂದ, ಉಳಿಯುವ ಅವಕಾಶ ಅತ್ಯಲ್ಪ. ಆದುದರಿಂದ ಬಹುಜನರಿಗೆ 256 ಜಿಬಿಯೇ ಯುಕ್ತವೆಂಬುದು ನನ್ನ ದೃಢವಾದ ಅಭಿಪ್ರಾಯ. ಗ್ಯಾಲಕ್ಸಿ ಟ್ಯಾಬ್ ಎಸ್9ರಲ್ಲಿ ಮೈಕ್ರೋ ಎಸ್‌ಡಿ ಕಾರ್ಡಿಗೆ ಎಡೆಯುಂಟು. ಐಪ್ಯಾಡಿನ ಒಳಗಿನ ಸ್ಟೋರೇಜನ್ನಾದರೋ ಕೊಂಡ ಬಳಿಕ ಹಿಗ್ಗಿಸಲಾಗದು. 2024ರ ಐಪ್ಯಾಡ್ ಪ್ರೊದಲ್ಲಿ 1 ಟಿಬಿ ಮತ್ತು 2 ಟಿಬಿ ಮಾದರಿಗಳಿಗೆ ಮಾತ್ರ 16 ಜಿಬಿ ರ‍್ಯಾಮ್ ದೊರೆಯುತ್ತದೆಂಬುದನ್ನು, ಅನೇಕ ಲೇಯರುಗಳನ್ನಿಟ್ಟು ಚಿತ್ರ ತಿದ್ದುವವರು ವಿಶೇಷವಾಗಿ ಗಮನಿಸತಕ್ಕುದು. ಉಳಿದವರು ಆ ಮಾದರಿಗಳಿಗೆ ತಗಲುವ ಹೆಚ್ಚಿನ ಹಣದ ಸ್ವಲ್ಪ ಭಾಗದಲ್ಲಿ ಯುಎಸ್‌ಬಿ-ಸಿ ಎಸ್‌ಎಸ್‌ಡಿಯೊಂದನ್ನು ಕೊಂಡು, ಮೆಮೊರಿ ಕಾರ್ಡನ್ನು ಅಳಿಸುವ ಮುನ್ನ ಪ್ರತಿಯೊಂದು ಚಿತ್ರವೂ ಎರಡು ಕಡೆ ಇರುವಂತೆ ನೋಡಿಕೊಳ್ಳಲಿ.